ನಮ್ಮವರ ಕಲ್ಲಿನ ಮೇಲೊಂದು ಸಾಲು

ಹೋದ ಭಾನುವಾರ ಬೆಳಿಗ್ಗೆ ಅಮ್ಮಿನಬಾವಿಯ ಅಡಿವೆಪ್ಪ ಕಾಕಾ ನಮ್ಮ ಭಾವನವರು ತೀರಿಕೊಂಡರೆಂದು ಅಳುತ್ತ ಬಂದರು. ಬಾಗಿಲು ತೆರೆದವರು ಭಾವನವರೇ.

ಇಬ್ಬರಲ್ಲಿ ಯಾರಿಗೆ ಹೆಚ್ಚು ಗಾಬರಿಯಾಯಿತೆಂದು ಈಗಲೂ ಹೇಳಲಾರೆ. ಕಾಕಾ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು, ‘ಎರಡೂ ಎತ್ತು ಹೋದುವಲ್ಲೋ ಯಪ್ಪಾ...’ ಎಂದು ರಾಗ ಎತ್ತಿದ್ದರು. ಎರಡನೆಯ ಎತ್ತು ಬನಿಯನ್ ಹಾಕಿಕೊಂಡು, ಕೈಯಲ್ಲಿ ಬ್ರಶ್ ಹಿಡಿದು, ಬಾಯಿತುಂಬ ಪೇಸ್ಟ್ ನೊರೆಯೊಂದಿಗೆ ಎದುರಿಗೇ ನಿಂತಿತ್ತು. ರಾಗ ಅರ್ಧಕ್ಕೇ ನಿಂತಿತು.

‘ಲೇ ಶಿವಲಿಂಗಾ, ನೀ ಸತ್ತಿಲ್ಲೇನೋ?’

‘ಇಲ್ಲ ಕಾಕಾ. ಯಾರು ಹೇಳಿದ್ರು ನಿಮಗ?’

‘ಯಾರ್ಯಾಕ ಹೇಳ್ಬೇಕು? ನಿನ್ನೆ ನಾನಽ ಓದಿ ಬಂದೇನಿ. ಕಲ್ಲಿನ ಮ್ಯಾಲ ಇಷ್ಟಿಷ್ಟು ದೊಡ್ಡ ಅಕ್ಷರದಾಗ ನಿನ್ನ ಹೆಸರೈತಿ!’

ಗೊತ್ತಿಲ್ಲದವರಿಗೆ ಹೇಳಬೇಕು. ನಮ್ಮವರು, ಈರಣ್ಣ, ಹೋಗಿ ಎಂಟು ತಿಂಗಳಾಯಿತು. (ನಡುವೆ ಎರಡು ತಿಂಗಳು ಈ ಅಂಕಣ ಬರಲಿಲ್ಲವಲ್ಲ, ಅದಕ್ಕೇ. ಯಾಕೆಂದು ಪತ್ರ ಬರೆದು ಕೇಳಿದವರಿಗೆ ಉತ್ತರಿಸಲು ಆಗಲಿಲ್ಲ. ಇದನ್ನೇ ಉತ್ತರ ಎಂದುಕೊಳ್ಳಿ.) ಶಿವಲಿಂಗಪ್ಪನವರು ಅವರ ಅಣ್ಣ, ನಿವೃತ್ತ ಹೆಡ್‌ಮಾಸ್ತರು. ಗೋಪನಕೊಪ್ಪದ ನಮ್ಮ ಮನೆಯ ಮುಂದಿನ ಭಾಗದಲ್ಲಿ ಅವರು, ಹಿಂದಿನ ಭಾಗದಲ್ಲಿ ನಾನು. ತಮ್ಮನ ಸಮಾಧಿಗೆ ಹೋದ ತಿಂಗಳು ಅವರೇ ಮುಂದೆ ನಿಂತು ಕರಿ ಗ್ರಾನೈಟಿನ ಚಪ್ಪಡಿ ಹಾಕಿಸಿದ್ದರು.

ಕಲ್ಲು ಕೊರೆಯುವವನ ಹತ್ತಿರ ಒಂದೇ ಅಚ್ಚು ಇತ್ತಂತೆ, ಗುಡಿಗಳ ದಾನಿಗಳ ಫಲಕದ್ದು. ನಮ್ಮ ಗುಡಿಗಳು ನಿಮಗೆ ಗೊತ್ತಲ್ಲ? ಟ್ಯೂಬ್‌ಲೈಟಿನ ಮೇಲೆ ಕೊಟ್ಟವರ ಹೆಸರು ಎಷ್ಟು ದಪ್ಪಗಿರುತ್ತದೆಂದರೆ ಬೆಳಕು ಸಂದಿಯಲ್ಲಿ ನುಸುಳಿ ಬರಬೇಕು. ಫ್ಯಾನಿನ ಮೂರು ರೆಕ್ಕೆಗೆ ಮೂರು ತಲೆಮಾರು. ಓದಬೇಕೆಂದರೆ ಫ್ಯಾನ್ ನಿಲ್ಲಿಸಬೇಕು, ನಿಲ್ಲಿಸಿದರೆ ಸೆಕೆ. ಅದೇ ಅಚ್ಚಿನಲ್ಲಿ ಸತ್ತವರ ಹೆಸರು ಸಣ್ಣದಾಗಿ ಮೇಲೆ ಹೋಯಿತು. ಕಲ್ಲು ಹಾಕಿಸಿದ ಶ್ರೀ ಶಿವಲಿಂಗಪ್ಪನವರ ಹೆಸರು ನಟ್ಟನಡುವೆ, ಸುತ್ತ ಹೂಬಳ್ಳಿಯೊಂದಿಗೆ ಬಂತು. ಶನಿವಾರ ಬೇರೆ ಯಾರದೋ ಮಣ್ಣಿಗೆಂದು ರುದ್ರಭೂಮಿಗೆ ಬಂದಿದ್ದ ಕಾಕಾ ಬಸ್ಸಿನ ಅವಸರದಲ್ಲಿ ಅದೊಂದನ್ನೇ ಓದಿದ್ದರು.

ಊರಿಗೆ ಹೋಗಿ ಸುದ್ದಿಯನ್ನೂ ಹೇಳಿದ್ದರು. ಸತ್ತ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ಅವರ ಹೆಂಡತಿ ಕಾಕು ನಸುಕಿಗೇ ಎದ್ದು ಬುತ್ತಿ ಕಟ್ಟಿ ಕಳಿಸಿದ್ದರು. ಇಪ್ಪತ್ತು ರೊಟ್ಟಿ, ಝುಣಕ, ಶೇಂಗಾ ಚಟ್ನಿ.

‘ಈಗ ಇದನ್ನೇನು ಮಾಡೂದು ಕಾಕಾ?’ ಎಂದೆ.

‘ಸತ್ತ ಮನಿಗೆ ತಂದ ಬುತ್ತಿ ಹೊಳ್ಳಿ ಒಯ್ಯಬಾರದವ್ವಾ. ತಾಟು ಹಚ್ಚು.’

ತಮ್ಮ ಸಾವಿನ ರೊಟ್ಟಿಯನ್ನು ಭಾವನವರು ಎರಡು ತಿಂದರು. ಮೂರನೆಯದಕ್ಕೆ ಚಟ್ನಿ ಕೇಳಿದರು.

ನಮ್ಮವರು ಇದ್ದಿದ್ದರೆ ಇದೊಂದೇ ಸಂಗತಿ ಅವರಿಗೆ ವರ್ಷಗಟ್ಟಲೆ ಸಾಕಾಗುತ್ತಿತ್ತು. ಗೋಕುಲ ರಸ್ತೆಯ ಒಂದು ಕಾರ್ಖಾನೆಯಲ್ಲಿ ಲೇಥ್ ಮೆಷಿನ್ ನಡೆಸುತ್ತಿದ್ದ ಮನುಷ್ಯ. ದಿನವೆಲ್ಲ ಮೆಷಿನ್ನಿನ ಸದ್ದಿನಲ್ಲಿ ಬಾಯಿ ಕಟ್ಟಿಕೊಂಡಿರುತ್ತಿದ್ದುದಕ್ಕೋ ಏನೋ, ಮನೆಗೆ ಬಂದರೆ ಮಾತು ನಿಲ್ಲುತ್ತಿರಲಿಲ್ಲ. ಅವರಿಗಿದ್ದ ಒಂದೇ ಹವ್ಯಾಸ ಸಮಾಧಿ ಕಲ್ಲುಗಳನ್ನು ಓದುವುದು. ಯಾರ ಮಣ್ಣಿಗೆ ಹೋದರೂ ಸರಿ, ತಮ್ಮ ಪಾಲಿನ ಹಿಡಿಮಣ್ಣು ಹಾಕಿ ಮೆಲ್ಲಗೆ ಕಲ್ಲುಗಳ ಕಡೆ ಸರಿಯುತ್ತಿದ್ದರು. ಸಂಜೆ ಸ್ನಾನ ಮಾಡಿ ಚಹಾಕ್ಕೆ ಕೂತ ಮೇಲೆ ನನಗೆ ವರದಿ.

ಒಬ್ಬರ ಹೆಸರಿನ ಮುಂದೆ ಮಕ್ಕಳು ‘ಬಿ.ಎ. (ಎರಡನೇ ವರ್ಷ)’ ಎಂದು ಕೆತ್ತಿಸಿದ್ದರಂತೆ. ಇನ್ನೊಬ್ಬ ವ್ಯಾಪಾರಸ್ಥರ ಕಲ್ಲಿನಲ್ಲಿ ಹೆಸರು, ಊರು, ಅಂಗಡಿಯ ವಿಳಾಸ, ಕೊನೆಗೆ ‘ನಮ್ಮ ಬೇರೆ ಶಾಖೆಗಳಿಲ್ಲ’. ಅದನ್ನು ಹೇಳುವಾಗ ಚಹಾ ನೆತ್ತಿಗೇರಿ ಕೆಮ್ಮಿದ್ದು ನೆನಪಿದೆ. ಒಂದು ಪತ್ತೇದಾರಿ ಕಾದಂಬರಿಯಲ್ಲಂತೂ ಕೊಲೆಯಾದವನ ಗೋರಿಯ ಮೇಲೆ, ‘ಯಾರು ಕೊಂದರೆಂದು ನನಗೆ ಗೊತ್ತು, ನೀವು ಕೊನೆಯ ಪುಟದವರೆಗೆ ಕಾಯಿರಿ’ ಎಂದಿತ್ತಂತೆ. ಯಾವ ಕಾದಂಬರಿ ಎಂದರೆ ಹೆಸರು ಮರೆತೆ ಎನ್ನುತ್ತಿದ್ದರು. (ಅಂಥದೊಂದು ಕಾದಂಬರಿ ಇರಲಿಲ್ಲ ಎಂಬುದು ನನ್ನ ಗುಮಾನಿ.)

ಓದಿ ಓದಿ ಕೊನೆಗೆ ತಾವೇ ಬರೆಯಲು ಶುರು ಮಾಡಿದರು. ಅದೂ ಬದುಕಿದ್ದವರಿಗೆ. ನಮ್ಮ ಓಣಿಯ ಬಸ್ ಕಂಡಕ್ಟರರ ಕಲ್ಲಿಗೆ: ‘ಮುಂದ ಸರೀರಿ, ಒಳಗ ಜಾಗ ಖಾಲಿ ಐತಿ.’ ನನಗೆ: ‘ಇಲ್ಲೂ ಏನೂ ಮಾತಾಡಂಗಿಲ್ಲ.’

ನನ್ನದು ಮಾತು ಕಡಿಮೆ. ಬರೆಯುತ್ತೇನೆ, ಆಡುವುದಿಲ್ಲ. ಮದುವೆಯಾದ ಮೂವತ್ತೊಂದು ವರ್ಷವೂ ಅವರು ಹೇಳುವವರು, ನಾನು ಕೇಳುವವಳು. ನನ್ನ ಮಾತಿಗೆ ಅವರು ಹೊಟ್ಟೆ ಹಿಡಿದು ನಕ್ಕದ್ದು ಒಂದೂ ನೆನಪಿಲ್ಲ.

‘ಎಲ್ಲಾರಿಗೂ ಬರದ್ರಿ. ನಿಮ್ಮ ಕಲ್ಲಿಗೆ ಏನು?’ ಎಂದು ಒಮ್ಮೆ ಕೇಳಿದ್ದೆ.

‘ನಂದು ನೀ ಬರಿ. ಎಲ್ಲಾ ನಾನಽ ಮಾಡ್ಲೇನು?’

ಅವರು ಹೋದ ಮೇಲೆ ಬರೆಯಲು ಕೂತೆ. ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂಬದಿ ತುಂಬಿತು. ಒಂದೊಂದು ಸಾಲೂ ಪರೀಕ್ಷೆಯ ಉತ್ತರದ ಹಾಗೆ. ಮಡಿಚಿ ಒಳಗಿಟ್ಟೆ. ಹಾಗಾಗಿ ಭಾವನವರು ‘ಕಲ್ಲಿನ ಮ್ಯಾಲಿನ ಮ್ಯಾಟರ್ ನಾ ಕೊಡ್ತೇನಿ’ ಎಂದಾಗ ಸುಮ್ಮನಿದ್ದೆ.

ಆ ಮ್ಯಾಟರ್ ಕಲ್ಲಿನ ಮೇಲೆ ಬಂದ ದಿನ ಹೋಗಿ ನೋಡಿದೆ. ‘ಮಿತಭಾಷಿ, ಗಂಭೀರ ಸ್ವಭಾವದ, ಆದರ್ಶ ಪತಿ...’ ಜಾಗ ತಪ್ಪಿ ಬೇರೆಯವರ ಸಮಾಧಿಗೆ ಬಂದೆನೇನೋ ಎಂದು ಆಚೀಚೆ ನೋಡಿದೆ. ಮಿತಭಾಷಿ? ಇವರೇ? ಹತ್ತು ಸಾಲಿನಲ್ಲಿ ಅಕ್ಷರ ತಪ್ಪು ಒಂದೂ ಇರಲಿಲ್ಲ. (ಬಂದ ಲಗ್ನಪತ್ರಿಕೆಗಳನ್ನೂ ಕೆಂಪು ಪೆನ್ನಿನಿಂದ ತಿದ್ದಿ ಇಡುವವರು ನಮ್ಮ ಭಾವನವರು.) ಆದರೆ ನಮ್ಮವರೇ ಅಲ್ಲಿರಲಿಲ್ಲ.

ಮನುಷ್ಯ ಹೋದ ಮೇಲೆ ಗುರುತಿನವರೂ ಒಬ್ಬೊಬ್ಬರೇ ಹೋಗುತ್ತಾರೆ. ಆಮೇಲೆ ಉಳಿಯುವುದು ಕಲ್ಲು. ಅದು ಹೇಳಿದ್ದೇ ಖರೆ. ಇನ್ನು ಇಪ್ಪತ್ತು ವರ್ಷಕ್ಕೆ ನಮ್ಮವರು ಗಂಭೀರ ಸ್ವಭಾವದವರಾಗಿಬಿಡುತ್ತಾರಲ್ಲ ಎಂಬ ಸಂಕಟ ಒಂದು ತಿಂಗಳಿಂದ ನನ್ನನ್ನು ಬಿಟ್ಟಿರಲಿಲ್ಲ. ಯಾರಿಗೆ ಹೇಳುವುದು? ಹಿರಿಯರು ಪ್ರೀತಿಯಿಂದ ಮಾಡಿಸಿದ್ದು. ಇದೂ ಒಂದು ದುಃಖವೇ ಎಂದಾರು.

ಭಾನುವಾರ ರೊಟ್ಟಿ ಮುಗಿದ ಮೇಲೆ ಕಾಕಾ ತಾವಾಗಿಯೇ ಕೇಳಿದರು. ‘ಅಲ್ಲೋ ಮಾಸ್ತರ, ನಿನ್ನ ಹೆಸರು ಬಿಟ್ಟು ಅಲ್ಲಿ ಮತ್ತೇನು ಬರಿಸಿಯೋ?’

ಭಾವನವರು ಮ್ಯಾಟರಿನ ಹಾಳೆ ತಂದು ಗಂಟಲು ಸರಿ ಮಾಡಿಕೊಂಡು ಓದಿದರು. ‘ಚಿರನಿದ್ರೆಯಲ್ಲಿ ಮಲಗಿರುವ...’ ಎಂಬಲ್ಲಿ ಕಾಕಾ ಕೈ ಅಡ್ಡ ಹಿಡಿದರು.

‘ತಡಿ. ಎಲ್ಲಿ ಮಲಗ್ಯಾನ?’

‘ಹಂಗಂತ ಬರೀತಾರ ಕಾಕಾ. ಎಲ್ಲಾ ಕಲ್ಲಿನ ಮ್ಯಾಲ ಇರ್ತೈತಿ.’

‘ಯಾರ ಕಲ್ಲಿನ ಮ್ಯಾಲ? ನಮ್ಮಂದಿ ಯಾವಾಗ ಮಲಗಿದ್ರು? ವಿಭೂತಿ ಹಚ್ಚಿ, ಕೈಯಾಗ ಲಿಂಗ ಕೊಟ್ಟು, ಬಿಲ್ವಪತ್ರಿ ಹಾಕಿ ಚಕ್ಕಳಮಕ್ಕಳ ಕುಂದ್ರಿಸಿ ಬಂದೇವಲ್ಲೋ! ಬೆನ್ನಿಗೆ ನನ್ನ ಕೈ ಇತ್ತು. ನೆಟ್ಟಗ ಕುಂತಿದ್ದ ಹುಡುಗ. ಮಲಗಿದ್ದು ನಿನ್ನ ಕಲ್ಲು, ಅಂವ ಅಲ್ಲ!’

ಹೆಡ್‌ಮಾಸ್ತರರು ಹಾಳೆಯನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. ತಮ್ಮನನ್ನು ಕೂಡಿಸುವಾಗ ಕಾಕಾನ ಪಕ್ಕದಲ್ಲೇ ನಿಂತವರು ಅವರು. ಕಲ್ಲಿನವನ ಮೊಬೈಲಿನಲ್ಲಿದ್ದ ರೆಡಿ ಒಕ್ಕಣೆಯನ್ನು ವ್ಯಾಕರಣ ನೋಡಿ ಪಾಸು ಮಾಡಿದ್ದರು, ಅಷ್ಟೆ.

ಬಾಗಿಲ ಹತ್ತಿರ ನಿಂತಿದ್ದ ನನ್ನ ಬಾಯಿಂದ ಆಗ ಒಂದು ಮಾತು ಬಂತು. ಬರಲಿ ಎಂದುಕೊಂಡದ್ದಲ್ಲ, ಬಂತು.

‘ಹಂಗಾರ ಖರೇನ ಬರಸ್ರಿ: ಕೂಡ್ರಿ, ಅವಸರ ಏನೈತಿ? ನಾನೂ ಕುಂತೇನಲ್ಲ.’

ನಮ್ಮ ಮನೆಗೆ ಬಂದವರಿಗೆಲ್ಲ ಗೊತ್ತು, ಅದು ನಮ್ಮವರದೇ ಮಾತು. ಯಾರೇ ಬಂದು ‘ಬರ್ತೇನ್ರಿ’ ಎಂದು ಎದ್ದರೂ ಅವರು ಕುರ್ಚಿಯಲ್ಲಿ ಇನ್ನಷ್ಟು ಹಿಂದಕ್ಕೆ ಸರಿದು ಹೀಗೆಯೇ ಅನ್ನುತ್ತಿದ್ದರು. ಎಷ್ಟೋ ಜನಕ್ಕೆ ಧಾರವಾಡದ ಬಸ್ಸು ಇದೇ ಮಾತಿನಿಂದ ತಪ್ಪಿದೆ.

ಕಾಕಾ ನಕ್ಕರು. ಗೋಡೆಗೆ ಒರಗಿ, ತೊಡೆ ತಟ್ಟಿಕೊಂಡು, ಉಸಿರು ಸಿಗದೆ ನಕ್ಕರು. ‘ಏ ಗಿರಿಜವ್ವಾ, ರುದ್ರಭೂಮಿಯೊಳಗ ಇದನ್ನ ಓದಿದಾಂವ ಅಲ್ಲಿ ನಿಲ್ತಾನೇನು?’ ಎಂದರು.

ನಾನು ಜನ್ಮದಲ್ಲಿ ಆಡಿದ ಮೊದಲ ತಮಾಷೆ ಅದು. ಯಾರು ನಗಬೇಕಿತ್ತೋ ಅವರಿಲ್ಲ. ಒಳಗೆ ಹೋಗಿ ತಾಟು ತೊಳೆದೆ.

ಭಾವನವರು ನಗಲಿಲ್ಲ. ‘ಸಮಾಧಿ ಅಂದ್ರ ಹಾಸ್ಯಗೋಷ್ಠಿ ಏನವಾ? ನಾಳೆ ಮಂದಿ ಏನಂತಾರ?’ ಎಂದು ಹಾಳೆ ಮಡಿಚಿಕೊಂಡು ಎದ್ದರು.

ಸೋಮವಾರದಿಂದ ಅಮ್ಮಿನಬಾವಿಯ ಫೋನುಗಳು ಶುರುವಾದವು. ಶಿವಲಿಂಗಪ್ಪನವರು ಹೋದರಂತೆ, ಹೆಂಗಾತು? ‘ನಾನಽ ಮಾತಾಡಾಕತ್ತೇನಿ. ಆರಾಮ ಅದೇನಿ’ ಎಂದು ಭಾವನವರು ಮುಂದಿನ ಕೋಣೆಯಲ್ಲಿ ಹೇಳುತ್ತಿದ್ದುದು ನನಗೆ ಹಿಂದೆ ಕೇಳಿಸುತ್ತಿತ್ತು. ಒಬ್ಬರಂತೂ ಅವರ ದನಿಯನ್ನು ನಂಬದೆ, ಮನೆಯಲ್ಲಿ ಬೇರೆ ಯಾರಾದರೂ ಇದ್ದರೆ ಕೊಡಿ ಎಂದರಂತೆ.

ಬುಧವಾರ ನನ್ನ ಬಾಗಿಲಿಗೆ ಬಂದು, ‘ನಡಿ, ಕಲ್ಲಿನವನ ಕಡೆ ಹೋಗಿ ಬರೂಣು’ ಎಂದರು. ಆಟೋ ಹಿಡಿದು ಹೊರಟೆವು.

ಕಲ್ಲಿನವನ ಶೆಡ್ ಇರುವುದು ಗೋಕುಲ ರಸ್ತೆಯ ಒಳಗೆ. ತಪ್ಪು ಕೇಳಿ ಅವನಿಗೇನೂ ಆಶ್ಚರ್ಯವಾಗಲಿಲ್ಲ. ‘ಇರ್ಲಿ ಬಿಡ್ರಿ ಸರ್. ಚಪ್ಪಡಿ ತಂದು ಹಿಂದಿನ ಬಾಜೂ ಪಾಲಿಶ್ ಹೊಡದು ಹೊಸಾ ಮ್ಯಾಟರ್ ಕೊರದು ಕೊಡ್ತೇನಿ. ಹಳೇದು ಬುಡಕ್ಕ ಹೋಗ್ತೈತಿ, ಯಾರಿಗೂ ಕಾಣಂಗಿಲ್ಲ.’

ಬುಡಕ್ಕೆ! ಅಂದರೆ ಆ ಹತ್ತು ಸಾಲು ಇನ್ನು ಮುಖ ಕೆಳಗೆ ಮಾಡಿ ನಮ್ಮವರ ನೆತ್ತಿಯ ಮೇಲೇ ಇರುತ್ತದೆ. ‘ಮಿತಭಾಷಿ’ ಎಂಬುದನ್ನು ದಿನಾ ಓದಿ ಎಷ್ಟು ನಗುತ್ತಾರೋ ಎಂದುಕೊಂಡೆ.

ಭಾವನವರು ಹೊಸ ಮ್ಯಾಟರ್ ಬರೆಸಿದರು. ತಮ್ಮನ ಹೆಸರು, ದೊಡ್ಡ ಅಕ್ಷರದಲ್ಲಿ. ಎರಡು ತಾರೀಕು. ತಮ್ಮ ಹೆಸರು ಬೇಡ, ಹೂಬಳ್ಳಿಯೂ ಬೇಡ.

‘ಮತ್ತೇನರ ಸರ್? ಜಾಗ ಭಾಳ ಉಳಿತೈತಿ.’

ಭಾವನವರು ರಸ್ತೆಯ ಕಡೆ ನೋಡಿದರು. ಎರಡು ಲಾರಿ ಹೋದವು. ನಾನು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದೆ. ಆ ಖಾಲಿ ಜಾಗ ಖಾಲಿಯಾಗಿ ಉಳಿದರೂ ಸಾಕು ಅನ್ನಿಸಿತ್ತು.

‘ಬರ್ಕೋ. ಕೂಡ್ರಿ ಕೂಡ್ರಿ, ಅವಸರ ಏನೈತಿ? ನಾನೂ ಕುಂತೇನಲ್ಲ.’

ಕಲ್ಲಿನವನು ಬರೆಯುವುದನ್ನು ಬಿಟ್ಟು ತಲೆ ಎತ್ತಿ ಇಬ್ಬರನ್ನೂ ನೋಡಿದ. ಭಾವನವರು ನನ್ನ ಕಡೆ ತಿರುಗಿದರು. ‘ನೀ ಒಮ್ಮೆ ಅಂದಿ. ಅಂವ ಎರಡು ಸಲ ಅಂತಿದ್ದ. ಕೂಡ್ರಿ ಕೂಡ್ರಿ. ತಪ್ಪು ಬರಸಬಾರದು.’

ಹೌದು, ಎರಡು ಸಲ. ಎಂಟೇ ತಿಂಗಳಲ್ಲಿ ನಾನು ಒಂದನ್ನು ಮರೆತಿದ್ದೆ.

ವಾಪಸು ಆಟೋಗೆ ಕಾಯುವಾಗ ಭಾವನವರು ಎತ್ತಲೋ ನೋಡುತ್ತ ಕೇಳಿದರು. ‘ಅಂವ ಎಲ್ಲಾರಿಗೂ ಏನೇನೋ ಬರದಿದ್ನಂತ. ಕಂಡಕ್ಟರ್ ಹೇಳಿದ. ನನಗೇನರ...?’

ಬರೆದಿದ್ದರು. ಅಣ್ಣನ ಕಿವಿಗೆ ಬೀಳಬಾರದೆಂದು ಆಣೆಯನ್ನೂ ಹಾಕಿಸಿಕೊಂಡಿದ್ದರು. ಅರವತ್ತು ದಾಟಿದರೂ ಅಣ್ಣನ ಹೆದರಿಕೆ. ನಾನು ಆಣೆ ಮುರಿದೆ.

‘ಈ ಕಲ್ಲಿನ್ಯಾಗ ಒಂದು ತಪ್ಪೈತಿ, ನಾಳೆ ಬಂದು ತಿದ್ದತೇನಿ.’

ಭಾವನವರ ಭುಜ ಅಲ್ಲಾಡಿತು. ನಗುತ್ತಲೇ ಇದ್ದರು. ಬಂದ ಆಟೋ ಹಾರ್ನ್ ಹೊಡೆದು ಮುಂದೆ ಹೋಯಿತು. ಆಮೇಲೆ ಕರವಸ್ತ್ರ ತೆಗೆದರು. ಕನ್ನಡಕ ಮಸುಕಾಗಿದೆ, ಒರೆಸಿಕೊಳ್ಳುತ್ತೇನೆ ಎಂದರು. ಅವತ್ತು ಅವರು ಕನ್ನಡಕ ಹಾಕಿಕೊಂಡೇ ಬಂದಿರಲಿಲ್ಲ.

‘ಬದುಕಿದ್ದಾಗಽ ಯಾಕ ಹೇಳಲಿಲ್ಲ ಆ ಮಬ್ಬ?’ ಎಂದರು. ‘ಬೈತಿದ್ದೆ, ಖರೆ. ಆದ್ರ ನಗತಿದ್ದೆ.’

ನಿಮ್ಮ ಮನೆಯಲ್ಲಿ ಯಾರಿಗಾದರೂ ಇಂಥದೊಂದು ಸಾಲು ಬರೆದು, ಹೇಳದೆ ಇಟ್ಟುಕೊಂಡಿದ್ದೀರಾ? ಇವತ್ತೇ ಹೇಳಿ, ಬೈಸಿಕೊಳ್ಳಿ.