ಬಕೋವ ಮಾಮನ ಹೊಸ ಕುರ್ಚಿ

ಮೋಯಿಯಾ ಮೊದಲಿಗೆ ಶಾಲೆಯ ಟೀಚರು. ಕಿರಿಬಾಸ್ ಎಂಬ ಪುಟ್ಟ ದ್ವೀಪದೇಶದ ತರಾವಾದಲ್ಲಿ, ಉತ್ತರದ ತುದಿಯಲ್ಲಿ ಮಕ್ಕಳಿಗೆ ಭೂಗೋಳ ಹೇಳಿಕೊಡುತ್ತಾ, ಸಮುದ್ರದ ಇಳಿತದ ಹೊತ್ತಿಗೆ ಅವರ ಜೊತೆಯೇ ಒಳಗಡಲಿಗಿಳಿದು ಚಿಪ್ಪು ಆರಿಸುತ್ತಾ ಹಾಯಾಗಿದ್ದವಳು. ಅವಳನ್ನು ಅಲ್ಲಿಂದ ಎಬ್ಬಿಸಿ ತಂದು ಸರ್ಕಾರದ ಪರಿಸರ ಕಚೇರಿಯಲ್ಲಿ ಕೂರಿಸಿದವನು ಬಕೋವ ಮಾಮ. ಅವಳ ತಾಯಿಯ ದೊಡ್ಡಪ್ಪನ ಮಗ. ಅಬಯಾಂಗ್ ದ್ವೀಪದಲ್ಲಿ ಇಬ್ಬರದೂ ಒಂದೇ ಊರು, ಮನೆಗಳ ನಡುವೆ ನಾಲ್ಕು ತೆಂಗಿನಮರ ಅಂತರ. ಮೋಯಿಯಾಳ ಹಾಲುಹಲ್ಲು ಬೀಳುವ ಕಾಲದಲ್ಲಿ ಹಲ್ಲಿಗೆ ದಾರ ಕಟ್ಟಿ ಎಳೆದವನೂ ಅವನೇ.

"ನಿನಗೆ ಕೂಡೋದು ಕಳೆಯೋದು ಬರುತ್ತೆ, ಜನರ ಹತ್ತಿರ ಮಾತಾಡೋಕೂ ಬರುತ್ತೆ. ನನಗೆ ಅಂಥವರು ಒಬ್ಬರೂ ಸಿಕ್ಕಿಲ್ಲ," ಎಂದಿದ್ದ.

ಕೆಲಸವೆಂದರೆ ವರದಿ ಬರೆಯುವುದು. ಲೋಕದ ದೇಶಗಳೆಲ್ಲ ಸೇರಿ ಒಪ್ಪಿಕೊಂಡಿದ್ದವು: ನಾವು ಎಷ್ಟು ಸುಟ್ಟೆವು, ಎಷ್ಟು ಹೊಗೆ ಬಿಟ್ಟೆವು, ಅದನ್ನು ತಗ್ಗಿಸಲು ಏನು ಮಾಡಿದೆವು ಎಂದು ಬರೆದು ಒಪ್ಪಿಸುತ್ತೇವೆ, ಬೇರೆಯವರು ಪ್ರಶ್ನೆ ಕೇಳಿದರೆ ಉತ್ತರ ಕೊಡುತ್ತೇವೆ. ದೊಡ್ಡ ದೇಶಗಳಲ್ಲಿ ಇದಕ್ಕೊಂದು ಇಲಾಖೆಯೇ ಇರುತ್ತದೆ. ಕಿರಿಬಾಸ್‌ನಲ್ಲಿ ಇದ್ದದ್ದು ಬಕೋವ ಮತ್ತು ಮೋಯಿಯಾ. ಬಂದರಿಗೆ ಎಷ್ಟು ಡೀಸೆಲ್ ಇಳಿಯಿತು, ಯಾವ ದ್ವೀಪದಲ್ಲಿ ಎಷ್ಟು ದೋಣಿಗೆ ಎಂಜಿನ್ ಇದೆ, ಎಷ್ಟು ಹಂದಿ ಸಾಕಿದ್ದಾರೆ ಎಂದು ಫೋನ್ ಮಾಡಿ ಕೇಳುತ್ತಾ ಕೂರುವುದೇ ಅವಳ ದಿನಚರಿ.

ಹಂದಿಯ ಪ್ರಶ್ನೆಗೆ ಎಲ್ಲರೂ ರೇಗುತ್ತಿದ್ದರು. "ಅಲ್ಲ ಕಣಕ್ಕಾ, ನಮ್ಮೂರ ಹಂದಿ ಮೇಲೆ ಆ ದೇಶದೋರಿಗೆ ಯಾಕಕ್ಕ ಕಣ್ಣು?" ಎಂದು ಒನೊಟೋವಾ ದ್ವೀಪದ ಗುಮಾಸ್ತ ಕೇಳಿದ್ದ.

"ಹಂದಿ ಹೇಲಿಂದ ಗಾಳಿ ಬರುತ್ತಂತೆ ಕಣೋ. ಆ ಗಾಳಿಗೆ ಆಕಾಶ ಬಿಸಿಯಾಗುತ್ತೆ."

"ಹಂಗಿದ್ರೆ ನಮ್ಮ ಮಾವನನ್ನೂ ಬರ್ಕೊ. ದಿನಾ ದೀವಿಹಲಸು ತಿಂದು ಆಕಾಶಾನೇ ಹಾರಿಸ್ತಾರೆ."

ಈ ಮಾತನ್ನು ಅವಳು ಅದೇ ಸಂಜೆ ಬಕೋವ ಮಾಮನ ಅಡುಗೆಮನೆಯಲ್ಲಿ ಹೇಳಿದಾಗ ಅವನು ನಕ್ಕು ನಕ್ಕು ಚಹಾ ಮೂಗಿಗೇರಿ ಕೆಮ್ಮಿದ್ದ.

ನಗು ಮುಗಿದ ಮೇಲೆ ಪಾಠ. ಸಣ್ಣ ದ್ವೀಪಗಳಿಗೂ ತೀರಾ ಬಡ ದೇಶಗಳಿಗೂ ಆ ಒಪ್ಪಂದದಲ್ಲಿ ಒಂದು ಸಡಿಲಿಕೆ ಇತ್ತು. ಕೈಲಾದಾಗ, ಕೈಲಾದಷ್ಟು ವರದಿ ಕೊಟ್ಟರೆ ಸಾಕು. ಅದಕ್ಕಾಗಿ ವರ್ಷಗಟ್ಟಲೆ ಸಭೆಗಳಲ್ಲಿ ಗಂಟಲು ಹರಿದುಕೊಂಡವರಲ್ಲಿ ಬಕೋವನೂ ಒಬ್ಬ. "ನೆನಪಿಟ್ಕೊ ಮೋಯಿಯಾ, ಈ ಸಡಿಲ ಕೇಳಿದ್ದು ಕೈ ಸಾಲದೋರಿಗೆ. ಕೈ ತುಂಬ ಜನ ಇರೋರು ಇದೇ ಬಾಗಿಲಲ್ಲಿ ನುಗ್ಗಿದ್ರೆ ಯಾರೆಷ್ಟು ಸುಟ್ರು ಅಂತಾನೇ ಗೊತ್ತಾಗಲ್ಲ. ನಮಗೆ ಗೊತ್ತಾಗೋದು ಸಮುದ್ರ ಅಂಗಳಕ್ಕೆ ಬಂದಾಗ ಮಾತ್ರ. ದೊಡ್ಡೋರು ಬರೀಲೇಬೇಕು. ಅದರಲ್ಲಿ ನಾವು ಒಂದಿಂಚೂ ಬಿಟ್ಟುಕೊಡಬಾರದು."

ಆಮೇಲೆ ಬಕೋವನಿಗೆ ನಿವೃತ್ತಿಯಾಯಿತು. ಹೆಂಡತಿ ಮೊದಲೇ ತೀರಿಕೊಂಡಿದ್ದಳು. ಮಗ ಫಿಜಿಯ ಸುವಾದಲ್ಲಿದ್ದ. ಅಲ್ಲಿ ಏನೋ ಸಲಹೆಗಾರನ ಕೆಲಸ ಸಿಕ್ಕಿದೆ ಎಂದು ಹೇಳಿ ಹೊರಟ ಬಕೋವ ಮೊದಮೊದಲು ಫೋನ್ ಮಾಡುತ್ತಿದ್ದ, ಬರಬರುತ್ತಾ ನಿಲ್ಲಿಸಿದ. ವಯಸ್ಸಾದವರು, ಮೊಮ್ಮಕ್ಕಳ ಜೊತೆ ಇರುತ್ತಾರೆ ಎಂದು ಮೋಯಿಯಾ ಅಂದುಕೊಂಡಳು. ಅವನ ತಾಯಿ ಮಾತ್ರ ಊರು ಬಿಟ್ಟು ಬರಲು ಒಪ್ಪದೆ ಅಬಯಾಂಗ್‌ನಲ್ಲೇ ಉಳಿದಳು.

ಆ ವರ್ಷ ಜೂನ್‌ನಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಆ ಒಪ್ಪಂದದ ದೇಶಗಳ ಸಭೆ. ಮೋಯಿಯಾ ಮೊದಲ ಬಾರಿಗೆ ಒಬ್ಬಳೇ ಹೋಗಿದ್ದಳು. ಕೋಣೆಯ ಬಾಗಿಲಲ್ಲೇ ಆ ಬೆನ್ನು ಕಂಡಿತು. ಸ್ವಲ್ಪ ಬಾಗಿದ ಎಡಭುಜ, ಕತ್ತಿನ ಹಿಂದಿನ ಬಿಳಿಗೂದಲು.

"ಬಕೋವ ಮಾಮಾ!"

ಓಡಿ ಹೋಗಿ ತಬ್ಬಿಕೊಂಡಳು. ಅವನು ಅವಳ ತಲೆ ಸವರಿದ. "ಊಟ ಮಾಡ್ತಿದೀಯಾ? ಇಲ್ಲಿ ಛಳಿಗೆ ದಪ್ಪ ಸ್ವೆಟರ್ ಹಾಕ್ಕೋಬಾರದಾ?" ಎಂದ. ಇನ್ನೇನು, ನಮ್ಮ ದೇಶದವರು ಗುಟ್ಟಾಗಿ ಮಾಮನನ್ನೂ ಕಳಿಸಿದ್ದಾರೆ, ನಾನು ಬದುಕಿದೆ ಎಂದು ಅವಳು ಪಕ್ಕದ ಕುರ್ಚಿ ಎಳೆದಳು. ಅವನು ಕೂರಲಿಲ್ಲ. "ನೀನು ಕೂತ್ಕೊ ಮಗಳೇ, ಶುರುವಾಗುತ್ತೆ," ಎಂದು ಹೇಳಿ ಮೇಜನ್ನು ಸುತ್ತಿ ಆ ಕಡೆಗೆ ನಡೆದ. ತೈಲ ಮಾರಿಯೇ ಬದುಕುವ ಒಂದು ದೊಡ್ಡ ದೇಶದ ಹೆಸರಿನ ಫಲಕ ಅಲ್ಲಿತ್ತು. ಅದರ ಹಿಂದೆ ಕೂತ. ಪಕ್ಕದಲ್ಲಿದ್ದವನು ಅವನಿಗೆ ನೀರಿನ ಲೋಟ ಸರಿಸಿದ.

ಎಲ್ಲೋ ತಪ್ಪಾಗಿದೆ, ಜಾಗ ತಪ್ಪಿ ಕೂತಿದ್ದಾನೆ, ಈಗ ಏಳುತ್ತಾನೆ ಎಂದು ಮೋಯಿಯಾ ನೋಡುತ್ತಲೇ ಇದ್ದಳು. ಅವನು ಏಳಲಿಲ್ಲ. ಅಧ್ಯಕ್ಷರು ಆ ದೇಶದ ಹೆಸರು ಕೂಗಿದರು, ಬಕೋವ ಮೈಕಿನ ಗುಂಡಿ ಒತ್ತಿದ.

"ನಾನು ಹುಟ್ಟಿದ್ದು ಒಂದು ಸಣ್ಣ ದ್ವೀಪದಲ್ಲಿ," ಎಂದು ಆರಂಭಿಸಿದ. "ಅಲ್ಲಿ ಈ ವರದಿಗಾಗಿ ಒಬ್ಬ ಹೆಣ್ಣುಮಗಳು ದ್ವೀಪ ದ್ವೀಪಕ್ಕೆ ಫೋನ್ ಮಾಡಿ ಹಂದಿ ಎಣಿಸ್ತಾಳೆ. ಒಂದ್ಸಲ ಒಬ್ಬ ಗುಮಾಸ್ತ ಏನಂದ ಗೊತ್ತಾ, ನಮ್ಮ ಮಾವನನ್ನೂ ಸೇರಿಸ್ಕೊಳ್ಳಿ ಅಂದ."

ಕೋಣೆ ಗೊಳ್ಳೆಂದು ನಕ್ಕಿತು. ಮೋಯಿಯಾಳ ಕಿವಿಯ ತುದಿಯವರೆಗೆ ರಕ್ತ ನುಗ್ಗಿತು. ಅಡುಗೆಮನೆಯ ಮಾತು ಅದು.

"ನಗು ಬರುತ್ತೆ, ಆದ್ರೆ ಇದು ಹೊರೆ," ಎಂದು ಬಕೋವ ಮುಂದುವರಿಸಿದ. "ಈ ಹೊರೆ ದ್ವೀಪಗಳಿಗೆ ಮಾತ್ರ ಅಲ್ಲ. ಅಭಿವೃದ್ಧಿ ಆಗ್ತಿರೋ ಎಲ್ಲ ದೇಶಕ್ಕೂ ಇದೆ. ಆದ್ದರಿಂದ ದ್ವೀಪಗಳಿಗೆ ಕೊಟ್ಟಿರೋ ಸಡಿಲ ಎಲ್ಲರಿಗೂ ಸಿಗಲಿ. ಏನು ಬರೀಬೇಕು, ಯಾವಾಗ ಬರೀಬೇಕು ಅನ್ನೋದನ್ನ ಆಯಾ ದೇಶವೇ ತೀರ್ಮಾನ ಮಾಡಲಿ."

ಅಧ್ಯಕ್ಷರು ಕಿರಿಬಾಸ್ ಎಂದರು. ಮೋಯಿಯಾ ಗುಂಡಿ ಒತ್ತಿದಳು, ಕೆಂಪು ದೀಪ ಹತ್ತಿತು. ಬಾಯಿ ತೆರೆದಳು. ಒಂದು ಅಕ್ಷರವೂ ಹೊರಡಲಿಲ್ಲ. ಜನ ಕಾದರು, ಯಾರೋ ಕೆಮ್ಮಿದರು. ಕೊನೆಗೆ ಸಣ್ಣ ದ್ವೀಪದೇಶಗಳ ಗುಂಪಿನ ಪರವಾಗಿ ಮಾತಾಡುತ್ತಿದ್ದ ಕೆರಿಬಿಯನ್ನಿನ ವರ್ನೆಲ್ ಎಂಬ ಗಟ್ಟಿ ಹೆಂಗಸು ತನ್ನ ಮೈಕು ಹಾಕಿಕೊಂಡು, ಇದನ್ನು ನಾವು ಒಪ್ಪುವುದಿಲ್ಲ ಎಂದಷ್ಟೇ ಹೇಳಿ ಮುಗಿಸಿದಳು.

ಹೊರಗೆ ಕಾಫಿ ಮಾರುವ ಜಾಗದಲ್ಲಿ ಬಕೋವ ಒಬ್ಬನೇ ನಿಂತಿದ್ದ. ಮೋಯಿಯಾ ತಮ್ಮ ಭಾಷೆಯಲ್ಲೇ ಕೇಳಿದಳು. "ಎಷ್ಟಕ್ಕೆ ಮಾಮಾ?"

"ದುಡ್ಡು ಅಂದ್ಕೊಂಡ್ಯಾ? ಕೊಡ್ತಾರೆ, ಇಲ್ಲ ಅನ್ನಲ್ಲ. ಅದಕ್ಕೆ ಅಲ್ಲ."

"ಮತ್ತೆ?"

"ನಾನು ಎಷ್ಟು ವರದಿ ಬರೆದೆ ನೀನೇ ನೋಡಿದೀಯ. ಪರಿಶೀಲನೆಗೆ ಬಂದೋರು ಏನ್ ಮಾಡಿದ್ರು? ಹೂಮಾಲೆ ಹಾಕಿಸ್ಕೊಂಡ್ರು, ಫೋಟೋ ತೆಗೆಸ್ಕೊಂಡ್ರು, ಥ್ಯಾಂಕ್ಸ್ ಅಂದ್ರು. ಬರೆಯೋರು ಬರೆದ್ರು, ಸುಡೋರು ಸುಟ್ರು. ಬರೆದ್ರೂ ಅಷ್ಟೇ, ಬಿಟ್ರೂ ಅಷ್ಟೇ ಅಂದ್ಮೇಲೆ ನಾನು ಯಾವ ಕುರ್ಚಿಲಿ ಕೂತ್ರೆ ಏನೇ?"

"ನಮ್ಮ ಊರಿದೆ ಮಾಮಾ."

"ಊರು ಹೋಯ್ತು ಮೋಯಿಯಾ. ನನ್ನ ಮಟ್ಟಿಗೆ ಆಗಲೇ ಮುಳುಗಿದೆ. ನಾನು ಅತ್ತು ಮುಗಿಸಿದೀನಿ. ನೀನಿನ್ನೂ ಮುಗಿಸಿಲ್ಲ, ಅಷ್ಟೇ ವ್ಯತ್ಯಾಸ."

"ನಿಮ್ಮಮ್ಮ ಅಲ್ಲೇ ಇದಾರಲ್ಲ!" ಅವಳ ದನಿಗೆ ಕಾಫಿಯವನು ತಿರುಗಿ ನೋಡಿದ. "ಹೋದ ತಿಂಗಳು ನಾನು ಹೋದಾಗ ನನ್ನ ಜಡೆ ಹೆಣೆದ್ರು. ಅವರೂ ಮುಳುಗಿದ್ರಾ?"

ಬಕೋವ ಕಾಫಿಯ ಲೋಟ ಎತ್ತಿಕೊಂಡು ಹೊರಟುಹೋದ. ಬಯ್ದಿದ್ದರೆ, ಸುಳ್ಳು ಹೇಳಿದ್ದರೆ ಅವಳಿಗೆ ಅಷ್ಟು ದಿಗಿಲಾಗುತ್ತಿರಲಿಲ್ಲ. ಬದುಕಿರುವ ಊರನ್ನು ಮಣ್ಣು ಮಾಡಿ ಕೈ ತೊಳೆದುಕೊಂಡವನ ಹಾಗೆ ಅವನು ಶಾಂತವಾಗಿದ್ದ.

ಮರುದಿನ ಅವಳ ಗಂಟಲು ಬಿಟ್ಟಿತು. ಬಿಟ್ಟದ್ದು ಹೆಚ್ಚೇ ಆಯಿತು.

"ನಿನ್ನೆ ಹೇಳಿದ ಹಂದಿ ಎಣಿಸೋ ಹೆಂಗಸು ನಾನೇ," ಎಂದಳು. ಈ ಸಲ ಯಾರೂ ನಗಲಿಲ್ಲ. "ನನಗೆ ಎಣಿಸಲೇಬೇಕು ಅಂತ ಯಾರೂ ಹೇಳಿರಲಿಲ್ಲ. ಸಡಿಲ ಇತ್ತು. ಆದ್ರೂ ಎಣಿಸಿದೆ. ಯಾಕಂದ್ರೆ ನಾವು ನಿಮ್ಮನ್ನ ಕೇಳಬೇಕು ಅಂದ್ರೆ ನಮ್ಮದನ್ನ ಮೊದಲು ತೋರಿಸಬೇಕು. ನಮ್ಮ ಬಡತನದ ಹಿಂದೆ ಶ್ರೀಮಂತರು ಬಚ್ಚಿಟ್ಕೊಳ್ಳೋದಾದ್ರೆ ನಮಗೆ ಆ ಸಡಿಲಾನೇ ಬೇಡ. ವಾಪಸ್ ತಗೊಳ್ಳಿ!"

ಒಂದಿಬ್ಬರು ಚಪ್ಪಾಳೆ ತಟ್ಟಿದರು. ಆದರೆ ಎದುರಿಗೆ ಕೂತಿದ್ದ ಬಕೋವ ಕಣ್ಣು ಮುಚ್ಚಿಕೊಂಡ. ಅವನ ಪಕ್ಕದವನು ಮುಗುಳ್ನಗುತ್ತಾ ಏನನ್ನೋ ಬರೆದುಕೊಂಡ. ಆಗ ಮೋಯಿಯಾಳಿಗೆ ತಾನೇನು ಹೇಳಿದೆ ಎನ್ನುವುದು ಹೊಳೆಯಿತು.

ಬಾಗಿಲಾಚೆ ವರ್ನೆಲ್ ಅವಳ ತೋಳು ಹಿಡಿದು ಗೋಡೆಗೆ ನಿಲ್ಲಿಸಿದಳು. "ಬೇಡ ಅನ್ನೋಕೆ ನೀನ್ಯಾರೇ? ಅದು ನಿಮ್ಮಪ್ಪನ ಮನೆ ಆಸ್ತೀನಾ? ಗುಂಪಿನಲ್ಲಿರೋ ಅಷ್ಟೂ ದ್ವೀಪದ್ದು! ನಿನ್ನ ಹಾಗೆ ಒಬ್ಬರೂ ಇಲ್ಲದ ಕಚೇರಿಗಳಿವೆ, ಗೊತ್ತಾ? ಅವರು ನಾಳೆ ಹೇಗೆ ಬರೀತಾರೆ?"

"ಸಿಟ್ಟಲ್ಲಿ..."

"ಸಿಟ್ಟು ಮನೇಲಿಟ್ಟು ಬಾ."

ವರ್ನೆಲ್ ಒಳಗೆ ಹೋಗಿ, ಅದು ಒಬ್ಬರ ಸ್ವಂತ ಮಾತು, ಗುಂಪಿನ ನಿಲುವಲ್ಲ ಎಂದು ಹೇಳಿ ಬರೆಸಿದಳು. ಎರಡು ಕಡೆಯವರೂ ಪಟ್ಟು ಬಿಡಲಿಲ್ಲ. ಎಲ್ಲರಿಗೂ ಸಡಿಲ ಎನ್ನುವ ವಾಕ್ಯವನ್ನು, ಇನ್ನೂ ಒಪ್ಪಿಗೆಯಾಗಿಲ್ಲ ಎನ್ನುವ ಗುರುತಿಗೆ ಕಂಸದೊಳಗೆ ಹಾಕಿ, ಮುಂದಿನ ಅಧಿವೇಶನಕ್ಕೆ ದೂಡಿ, ಎಲ್ಲರೂ ಕೈ ಕುಲುಕಿಕೊಂಡು ಎದ್ದರು. ತರಾವಾಕ್ಕೆ ಮರಳಿದ ಮೋಯಿಯಾಳನ್ನು ಮೇಲಿನವರು ಕರೆಸಿ ಚೆನ್ನಾಗಿ ಉಗಿದರು. ಕೆಲಸದಿಂದ ತೆಗೆಯಲಿಲ್ಲ; ಆ ಕೆಲಸಕ್ಕೆ ಇನ್ನೊಬ್ಬರು ಇರಲಿಲ್ಲ.

ಹೆಚ್ಚು ಕಾಲ ಕಳೆಯಲಿಲ್ಲ, ಬಕೋವನ ತಾಯಿ ತೀರಿಕೊಂಡಳೆಂದು ಸುದ್ದಿ ಬಂತು. ಮೋಯಿಯಾ ತನ್ನ ತಾಯಿಯ ಜೊತೆ ದೋಣಿ ಹತ್ತಿ ಅಬಯಾಂಗ್‌ಗೆ ಹೋದಳು. ಬಾನ್‌ನಲ್ಲಿ ನಡೆದದ್ದನ್ನು ಅವಳು ಹೇಳಿದ್ದು ತಾಯಿಯೊಬ್ಬಳಿಗೇ. ತಾಯಿಗೆ ಹೇಳಿದ್ದೆಂದರೆ ದ್ವೀಪಕ್ಕೆಲ್ಲ ಹೇಳಿದ ಹಾಗೆ. ಬಕೋವ ವಿಮಾನದಿಂದಿಳಿದು ಊರ ಸಭೆಮನೆ ಮಾನೆಯಾಬಾದ ಸೂರಿನಡಿ ತಲೆ ಬಗ್ಗಿಸಿ ಬಂದಾಗ ಹೆಂಗಸರ ಪಿಸುಮಾತು ಗಕ್ಕನೆ ನಿಂತಿತು. ಈಗ ಆಚೆ ಹಾಕುತ್ತಾರೆ ಎಂದು ಮೋಯಿಯಾ ಅಂದುಕೊಂಡಳು. ಹಾಗಾಗಬೇಕೆಂದು ಬಯಸಿದಳೂ ಹೌದು.

ಊರ ಹಿರಿಯ ಕೌತು ತಾತ ಅವನನ್ನು ನೋಡಿದ. "ಬಂದ್ಯಾ? ನಿಮ್ಮನೆಯೋರು ಕೂರೋ ಕಂಬ ಅಲ್ಲೇ ಇದೆ. ಒರಗಿ ಕೂತ್ಕೊ. ಯಾರಾದ್ರೂ ಅವನಿಗೆ ನೀರಾ ಕೊಡ್ರಮ್ಮಾ."

ಕೊಡಬೇಕಾದವಳು ಮೋಯಿಯಾಳೇ ಆದಳು. ಕೊಟ್ಟಳು, ಮುಖ ನೋಡಲಿಲ್ಲ.

"ಮಾತಾಡೋ ಕೆಲಸ ಅಂತೆ ನಿಂದು," ಎಂದ ಕೌತು ತಾತ. "ಎಣ್ಣೆ ದೇಶದೋರ ಪರ."

"ಹೌದು ತಾತ."

"ಅವರು ನಮ್ಮ ಬಗ್ಗೆ ಏನಂತಾರೆ?"

ಬಕೋವ ಲೋಟ ಕೆಳಗಿಟ್ಟ. "ಏನೂ ಅನ್ನಲ್ಲ. ನಾವು ಅವರ ಮಾತಲ್ಲೇ ಬರಲ್ಲ. ನಾನು ಹೇಳಿದಾಗಷ್ಟೇ ನಗ್ತಾರೆ."



ಮಣ್ಣು ಮಾಡುವುದು ಮಧ್ಯಾಹ್ನ ಎಂದಾಯಿತು. ಮನೆಯ ಪಕ್ಕದಲ್ಲೇ ಬಕೋವನ ಅಪ್ಪನ ಗೋರಿಯಿತ್ತು. ಅದರ ಬದಿಯಲ್ಲಿ ಗಂಡಸರು ಅಗೆದರು. ಹುಣ್ಣಿಮೆಯ ಉಬ್ಬರದ ದಿನಗಳು. ಮೊಣಕಾಲುದ್ದ ಅಗೆಯುವಷ್ಟರಲ್ಲಿ ತಳದ ಮರಳು ಬಣ್ಣ ತಿರುಗಿತು. ನೀರು ಸಮುದ್ರದ ಕಡೆಯಿಂದ ಬರಲಿಲ್ಲ, ಕೆಳಗಿನಿಂದ ಬಂತು. ಬಕೆಟ್ಟಿನಲ್ಲಿ ಮೊಗೆದು ಚೆಲ್ಲಿದರೆ ಅಷ್ಟೇ ವೇಗದಲ್ಲಿ ತುಂಬಿತು. ಊರವರಿಗೆ ಇದು ಹೊಸದಾಗಿರಲಿಲ್ಲ. ಇಳಿತಕ್ಕೆ ಕಾಯೋಣವೆಂದರೆ ಹೆಣ ತಡೆಯುವ ಸ್ಥಿತಿಯಲ್ಲಿರಲಿಲ್ಲ. ಹವಳಗಲ್ಲು ತಂದು ಪಕ್ಕದಲ್ಲಿ ರಾಶಿ ಹಾಕಿದರು.

"ಕಲ್ಲು ಯಾಕೆ?" ಎಂದ ಬಕೋವ.

ಒಬ್ಬ ಗಂಡಸು ಅವನ ಮುಖ ನೋಡದೆ ಹೇಳಿದ. "ಪೆಟ್ಟಿಗೆ ತೇಲುತ್ತೆ ಅಣ್ಣಾ."

ಇಳಿಸಿದರು. ಪೆಟ್ಟಿಗೆ ನೀರಿನ ಮೇಲೆ ಕೂತು ಒಂದು ಪಕ್ಕಕ್ಕೆ ವಾಲಿ ಮೆಲ್ಲಗೆ ತಿರುಗಿತು. ಬಕೋವನಿಂದ ಒಂದು ಸದ್ದು ಹೊರಟಿತು, ಅಳುವಲ್ಲ, ಮಾತೂ ಅಲ್ಲ. ಮೈಮೇಲಿನ ಬಟ್ಟೆಯಲ್ಲೇ ಗುಂಡಿಗಿಳಿದ. ಎರಡೂ ಕೈಯಿಂದ ಪೆಟ್ಟಿಗೆಯನ್ನು ಒತ್ತಿ ಹಿಡಿದ. ಅತ್ತು ಮುಗಿಸಿದ್ದೇನೆ ಎಂದವನ ಮುಖ ಮಗುವಿನ ಮುಖದ ಹಾಗೆ ಕದಡಿಹೋಗಿತ್ತು. "ಅಮ್ಮಾ, ಇರು, ಇರು," ಎನ್ನುತ್ತಿದ್ದ. ಮೋಯಿಯಾಳಿಗೆ ಕೋಪ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅವಳೂ ಬಗ್ಗಿ ಅವನ ಕೈಯ ಪಕ್ಕದಲ್ಲಿ ಕಲ್ಲು ಇಟ್ಟಳು. ಇನ್ನೊಂದು ಇಟ್ಟಳು. ಮೂಲೆ ಮೂಲೆಗೆ ಭಾರ ಬಿದ್ದ ಮೇಲೆ ಪೆಟ್ಟಿಗೆ ಕೂತಿತು.

ಆಮೇಲೆ ಅವನು ಮೇಲೆ ಬಂದು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತ. ಉಪ್ಪುನೀರು ತೊಟ್ಟಿಕ್ಕುತ್ತಿತ್ತು.

"ಇಷ್ಟೊಂದು ಅಂತ ನನಗೆ ಗೊತ್ತಿರಲಿಲ್ಲ," ಎಂದ.

"ಗೊತ್ತಿತ್ತು ಮಾಮಾ. ನೀವೇ ಬರೆದಿದ್ರಿ."

"ಬರೆದಿದ್ದೆ," ಎಂದ.

ಅವನು ಕ್ಷಮೆ ಕೇಳಲಿಲ್ಲ, ಅವಳು ಕೊಡಲೂ ಇಲ್ಲ. ದುಃಖದ ದಿನಗಳು ಮುಗಿದ ಮೇಲೆ ಸುವಾಕ್ಕೆ ವಾಪಸಾದ. ಮುಂದಿನ ಅಧಿವೇಶನಕ್ಕೆ ಹೋದಾಗ ಮೋಯಿಯಾ ಬಾಗಿಲಲ್ಲೇ ನಿಂತು ಆ ಫಲಕದ ಕಡೆ ನೋಡಿದಳು. ಬಕೋವ ಇರಲಿಲ್ಲ. ನುಣ್ಣಗೆ ತಲೆ ಬಾಚಿದ ಬೇರೊಬ್ಬ ಕೂತಿದ್ದ. ತನ್ನ ಸರದಿ ಬಂದಾಗ ಆತ ಬಕೋವ ಹೇಳಿದ್ದ ಮಾತುಗಳನ್ನೇ, ಹಂದಿಯ ಕತೆಯೊಂದನ್ನು ಬಿಟ್ಟು, ಅದೇ ಕ್ರಮದಲ್ಲಿ ಓದಿದ.

ಮೋಯಿಯಾ ಬೆಚ್ಚಿಬಿದ್ದಳು. ಮಾಮ ಆ ಕುರ್ಚಿಯಲ್ಲಿ ಕೂತಿದ್ದಕ್ಕೆ ಅವಳ ಎದೆ ಒಡೆದಿತ್ತು. ಅವನು ಅದನ್ನು ಬಿಟ್ಟು ಎದ್ದುಹೋದದ್ದು ಮಾತ್ರ ಆ ಕೋಣೆಯಲ್ಲಿ ಯಾರ ಗಮನಕ್ಕೂ ಬಂದಿರಲಿಲ್ಲ. ಪಕ್ಕದಲ್ಲಿದ್ದ ವರ್ನೆಲ್ ಮೊಣಕೈಯಿಂದ ತಿವಿದಳು. "ಈ ಸಲ ಗುಂಪಿನ ಮಾತು ನೀನೇ ಹೇಳು. ಸಡಿಲ ನಮಗಿರಲಿ, ಅವರು ಬರೀಲಿ. ಅಷ್ಟೇ. ಏನನ್ನೂ ವಾಪಸ್ ಕೊಡಬೇಡ ಮಾರಾಯ್ತಿ."

"ಕೊಡಲ್ಲ," ಎಂದು ಮೋಯಿಯಾ ಮಾತಾಡಲು ಕೈ ಎತ್ತಿದಳು.