ಕಾಕು ಕೊಟ್ಟ ಬಟ್ಟಲು

ಗುಳಿಗೆಯ ಕಹಿಗೂ ಒಂದು ವಾಸನೆ ಇರುತ್ತದೆ. ಮೊನ್ನೆ ಮಗಳಿಗೆಂದು ಹಾಳೆಯಿಂದ ಒತ್ತಿ ತೆಗೆಯುವಾಗ ಒಂದು ಗುಳಿಗೆ ಬೆರಳಲ್ಲೇ ಎರಡಾಯಿತು. ಪುಡಿ ಉಗುರಿಗೆ ಮೆತ್ತಿಕೊಂಡಿತು. ಮೂಗಿನ ಹತ್ತಿರ ತಂದೆ, ಅಷ್ಟೇ... ಹುಕ್ಕೇರಿಯ ಈ ಅಡುಗೆಮನೆ, ಒಲೆಯ ಮೇಲೆ ಕುದಿಯುತ್ತಿದ್ದ ಬೇಳೆ ಎಲ್ಲ ಹಿಂದೆ ಸರಿದು, ತುಕ್ಕಾನಟ್ಟಿಯ ಒಂದು ಮೋಟು ಗೋಡೆ ಕಣ್ಣೆದುರು ಬಂದು ನಿಂತಿತು. ಗೋಡೆಯ ಆಚೆ ಕಾಕು.

ಮಗಳು ಕಟ್ಟಡದ ಕೆಲಸ ನೋಡಿಕೊಳ್ಳಲು ಮಂಗಳೂರಿಗೆ ಹೋಗಿದ್ದಳು. ಬರುವಾಗ ಮಲೇರಿಯಾ ಹೊತ್ತು ತಂದಳು. ಡಾಕ್ಟರು ಮೊದಲು ಜ್ವರಕ್ಕೆಂದು ರಕ್ತ ನೋಡಿದರು. ಆಮೇಲೆ ಈ ಸಣ್ಣ ಗುಳಿಗೆ ಅವಳ ಮೈಗೆ ಹೊಂದುತ್ತದೋ ಇಲ್ಲವೋ ಎಂದು ಮತ್ತೊಮ್ಮೆ ರಕ್ತ ತೆಗೆಸಿದರು. ಬಸುರಿಯಲ್ಲ ತಾನೇ ಎಂದು ಕೇಳಿಯೇ ಚೀಟಿ ಬರೆದರು. ಎರಡು ವಾರ, ಊಟವಾದ ಮೇಲೆ, ಒಂದು ದಿನವೂ ಬಿಡದೆ. ಜ್ವರ ಇಳಿದದ್ದೇ ತಡ, ನಮ್ಮ ರಾಣಿ ಸಾಹೇಬರು ಮುಖ ಸೊಟ್ಟಗೆ ಮಾಡಿದರು. "ಆರಾಮ ಆಗೇನಲ್ಲ ಅವ್ವಾ, ಇನ್ಯಾಕ ಗುಳಿಗಿ?"

ಈ ಮಾತನ್ನು ನಾನು ಹಿಂದೊಮ್ಮೆ ಕೇಳಿದ್ದೆ. ಆಗ ಇವಳು ನನ್ನ ಹೊಟ್ಟೆಯಲ್ಲಿದ್ದಳು.

ಮದುವೆಯಾಗಿ ತುಕ್ಕಾನಟ್ಟಿಗೆ ಬಂದಾಗ ನನ್ನ ಮನೆಯಲ್ಲಿ ಹಿರಿಯ ಹೆಂಗಸರು ಯಾರೂ ಇರಲಿಲ್ಲ. ಅತ್ತೆ ಮೊದಲೇ ತೀರಿಕೊಂಡಿದ್ದರು. ಇವರು ಸಾಲಿ ಮಾಸ್ತರು, ಬೆಳಿಗ್ಗೆ ಹೋದರೆ ಸಂಜೆಗೇ ಬರುತ್ತಿದ್ದರು. ರೊಟ್ಟಿ ಬಡಿಯುವುದರಿಂದ ಹಿಡಿದು ಬಸುರಿನಲ್ಲಿ ಯಾವ ಮಗ್ಗುಲಿಗೆ ಮಲಗಬೇಕು ಎನ್ನುವವರೆಗೆ ನನಗೆ ಎಲ್ಲ ಕಲಿಸಿದ್ದು ಬಾಜೂ ಮನೆಯ ಕಾಕು. ರಕ್ತಸಂಬಂಧ ಏನೂ ಇರಲಿಲ್ಲ. ಇವರು ಚಿಕ್ಕಂದಿನಿಂದ ಕಾಕು ಎನ್ನುತ್ತಿದ್ದರು, ನಾನೂ ಅಂದೆ. ಅವರ ಬಾಯಲ್ಲಿ ನಾನು "ತಂಗಿ".

ನಮ್ಮೆರಡು ಮನೆಗಳ ನಡುವೆ ಎದೆಮಟ್ಟದ ಗೋಡೆ. ಅದರ ಮೇಲೆ ಒಂದು ಸ್ಟೀಲಿನ ಬಟ್ಟಲು ದಿನಕ್ಕೊಮ್ಮೆಯಾದರೂ ಓಡಾಡುತ್ತಿತ್ತು. ಅಂಚು ಒಂದು ಕಡೆ ನೆಗ್ಗಿದ ಬಟ್ಟಲು. ಅತ್ತಣಿಂದ ಕಡಲೆಹಿಟ್ಟಿನ ಜುನಕದ ವಡೆ ಬಂದರೆ ಇತ್ತಣಿಂದ ಗುರೆಳ್ಳು ಚಟ್ನಿ ಹೋಗಬೇಕು. ಏನೂ ಇಲ್ಲದಿದ್ದರೆ ಒಂದು ಚೂರು ಬೆಲ್ಲವಾದರೂ ಸರಿ. ಖಾಲಿ ಬಟ್ಟಲು ಮರಳಿ ಕೊಡುವುದೆಂದರೆ ಕಾಕುವಿನ ಲೆಕ್ಕದಲ್ಲಿ ಬಾಗಿಲು ಮುಚ್ಚಿಕೊಂಡ ಹಾಗೆ. ಒಮ್ಮೆ ಗೊತ್ತಿಲ್ಲದೆ ನಾನು ತೊಳೆದು ಒರೆಸಿ ಖಾಲಿಯೇ ಕೊಟ್ಟಿದ್ದಕ್ಕೆ, "ಏನ ತಂಗಿ, ನನ್ನ ಮ್ಯಾಲ ಸಿಟ್ಟಾಗೀಯೇನ?" ಎಂದು ನಕ್ಕಿದ್ದರು.

ಕಾಕಾ ಹಿಡಕಲ್ ಡ್ಯಾಮಿನ ಮೇಲೆ ಕೆಲಸಕ್ಕಿದ್ದರು. ಆ ವರ್ಷ ಕಾಕು ಅಲ್ಲಿ ಅವರ ಕ್ವಾರ್ಟರ್ಸಿನಲ್ಲಿ ಕೆಲವು ದಿನ ಇದ್ದು ಬಂದರು. ಬಂದವರೇ ಥಂಡಿಜ್ವರಕ್ಕೆ ಬಿದ್ದರು. ಮೂರು ಕೌದಿ ಹೊದಿಸಿದರೂ ಹಲ್ಲು ಕಟಕಟ. ಮೂಡಲಗಿಯ ದವಾಖಾನೆಯಲ್ಲಿ ರಕ್ತ ನೋಡಿ ಮಲೇರಿಯಾ ಎಂದರು. ದೊಡ್ಡ ಬಿಳಿ ಗುಳಿಗೆ ಕೊಟ್ಟರು, ಅವು ಮುಗಿದ ಮೇಲೂ ನುಂಗಲು ಸಣ್ಣ ಗುಳಿಗೆ ಕೊಟ್ಟರು. ದೊಡ್ಡವಕ್ಕೇ ಜ್ವರ ಓಡಿಹೋಯಿತು. "ಆರಾಮ ಆಗೇನಿ, ಇನ್ಯಾಕ?" ಎಂದು ಕಾಕು ಸಣ್ಣವನ್ನು ವಿಭೂತಿ ಇಡುವ ಗೋಡೆಯ ಮಾಡದಲ್ಲಿ ಎತ್ತಿಟ್ಟರು.

ಆ ವಾರವೇ ನನಗೂ ಮೈ ಬಿಸಿಯಾಯಿತು. ಐದನೆಯ ತಿಂಗಳು. ಕಾಕುವಿಗೆಂದು ಗಂಜಿ ಹಾಕಿ ಕಳಿಸಿದ್ದ ಬಟ್ಟಲು ಗೋಡೆಯ ಮೇಲೆ ಮರಳಿ ಬಂತು. ನೋಡಿದರೆ ಬುಡದಲ್ಲಿ ಒಂದು ಚೂರು ಬೆಲ್ಲ, ಅದರ ಬಗಲಿಗೆ ಆ ಸಣ್ಣ ಗುಳಿಗೆಗಳು. ತಮಗಿದ್ದದ್ದರಲ್ಲಿ ಅರ್ಧ ನನಗೆ. ಬದನೆಕಾಯಿ ಹಂಚಿಕೊಂಡ ಹಾಗೆ, ಮಜ್ಜಿಗೆ ಹಂಚಿಕೊಂಡ ಹಾಗೆ.

"ಒಂದ ನುಂಗು ತಂಗಿ, ಜ್ವರ ಹಾರಿಹೋಗತಾವು. ಖಾಲಿ ಹೊಟ್ಟಿಲೆ ಬ್ಯಾಡ. ಊಟಾ ಮಾಡಿ ತಗೋ, ಡಾಕ್ಟರ್ ಹಂಗ ಹೇಳ್ಯಾರ," ಎಂದು ಗೋಡೆಯಾಚೆಯಿಂದಲೇ ಹೇಳಿ, ಕಾಕು ಸಂತೆಗೆಂದು ಮೂಡಲಗಿಗೆ ಹೋದರು.

ನನಗೆ ಎಷ್ಟು ಸಮಾಧಾನವಾಗಿತ್ತು ಎಂದರೆ... ತಾಯಿಯ ಕೈಯಿಂದ ಬಂದ ಹಾಗೆ. ಅನುಮಾನ ಹತ್ತಿರವೂ ಸುಳಿಯಲಿಲ್ಲ. ಆದರೆ ಅವತ್ತು ಊಟವೇ ಸೇರುತ್ತಿರಲಿಲ್ಲ. ಸ್ವಲ್ಪ ತಡೆದು ಉಂಡು ನುಂಗಿದರಾಯಿತೆಂದು ಬಟ್ಟಲನ್ನು ಬಗಲಲ್ಲೇ ಇಟ್ಟುಕೊಂಡು ಮಲಗಿದೆ.

ಸಂತೆಯಲ್ಲಿ ಕಾಯಿಪಲ್ಲೆ ಕೊಳ್ಳುವ ಮೊದಲು ಕಾಕು ದವಾಖಾನೆಗೆ ಹೋಗಿದ್ದರಂತೆ, ಅಶಕ್ತಿಗೆ ಏನಾದರೂ ಕೊಡ್ರಿ ಎಂದು ಕೇಳಲು. ಡಾಕ್ಟರು, "ಸಣ್ಣ ಗುಳಿಗಿ ತಗೊಳ್ಳಾಕತ್ತೀರೇನ್ರಿ?" ಎಂದು ಕೇಳಿದ್ದಾರೆ. ಕಾಕು ದಾನ ಮಾಡಿದ ಖುಷಿಯಲ್ಲಿ, "ಅರ್ಧಾ ಬಾಜೂ ಮನಿ ಹುಡುಗಿಗೆ ಕೊಟ್ಟೇನ್ರಿ, ಪಾಪ, ಬಸರಿ ಅದಾಳ," ಎಂದಿದ್ದಾರೆ. ಡಾಕ್ಟರು ಕುರ್ಚಿಯಿಂದ ಎದ್ದು ನಿಂತರಂತೆ. ಬಸುರಿ ಹೆಂಗಸಿಗೆ ಅದನ್ನು ಕೊಡಲೇಬಾರದು, ಹೊಟ್ಟೆಯೊಳಗಿನ ಕೂಸಿಗೆ ಅಪಾಯ ಎಂದರಂತೆ.

ಕಾಕು ಬಸ್ಸಿಗೆ ಕಾಯಲಿಲ್ಲ. ಸಂತೆಯ ಚೀಲ ಅಲ್ಲೇ ಬಿಟ್ಟರು. ಗಂಡಸರ ಎದುರು ಸೆರಗು ಸರಿಯದ ಹಾಗೆ ನಡೆಯುವ ಹೆಂಗಸು, ನಮ್ಮೂರ ಕಡೆ ಹೊರಟಿದ್ದ ಯಾರದೋ ಕಬ್ಬಿನ ಟ್ರ್ಯಾಕ್ಟರಿಗೆ ಕೈ ಅಡ್ಡ ಹಿಡಿದು, ಡ್ರೈವರನ ಬಾಜೂ ಹತ್ತಿ ಕುಳಿತುಬಿಟ್ಟರು. ದಾರಿಯುದ್ದಕ್ಕೂ "ಬಸವಾ, ಬಸವಾ" ಎನ್ನುತ್ತಿದ್ದರೆಂದು ಆ ಡ್ರೈವರ ಆಮೇಲೆ ಊರೆಲ್ಲ ಹೇಳಿಕೊಂಡು ಬಂದ.

ನಾನು ಎದ್ದು ಮೊಸರನ್ನ ಕಲಸಿಕೊಂಡು ಕುಳಿತಿದ್ದೆ. ನಾಲ್ಕು ತುತ್ತು ಇಳಿದಿತ್ತು. ಗುಳಿಗೆ ಅಂಗೈಯಲ್ಲಿತ್ತು. ಬಾಗಿಲಲ್ಲಿ ಕಾಕು. ತಲೆಯ ಮೇಲೆಲ್ಲ ಧೂಳು, ಕಾಲಲ್ಲಿ ಚಪ್ಪಲಿ ಇಲ್ಲ.

"ತಂಗಿ, ನುಂಗಿದೇನ?"

"ಇಲ್ರಿ ಕಾಕು. ಊಟಾ ಮಾಡಿ ತಗೋ ಅಂದಿದ್ರಲ್ರಿ, ಈಗ ಊಟಾ..."

ಅವರು ನನ್ನ ಅಂಗೈ ಬಿಡಿಸಿ ಗುಳಿಗೆ ಕಿತ್ತುಕೊಂಡರು. ಬಟ್ಟಲಿನಲ್ಲಿದ್ದವನ್ನೂ ಸೆರಗಿಗೆ ಸುರಿದುಕೊಂಡರು. ಹೊಸ್ತಿಲ ಮೇಲೆ ಕುಸಿದು ಕುಳಿತು ಅತ್ತರು. ನಾನು ಅವರನ್ನು ಹಾಗೆ ನೋಡಿಯೇ ಇರಲಿಲ್ಲ. ಆಮೇಲೆ ನನ್ನನ್ನೂ ಎಬ್ಬಿಸಿಕೊಂಡು ಮತ್ತೆ ಮೂಡಲಗಿಗೆ ಹೊರಟರು. ರಕ್ತ ನೋಡಿದರೆ ನನಗೆ ಮಲೇರಿಯಾ ಇರಲೇ ಇಲ್ಲ. ಬರೀ ನೆಗಡಿಯ ಜ್ವರ.

ಅವತ್ತು ಖಾಲಿ ಬಟ್ಟಲು ನನ್ನ ಮನೆಯಲ್ಲಿ ಉಳಿಯಿತು. ದಿನಗಳು ಹೋದರೂ ಗೋಡೆಯ ಮೇಲೆ ಏನೂ ಬರಲಿಲ್ಲ. ನಾನು ಕರೆದರೆ ಕಾಕು ಒಳಗಿಂದಲೇ ಓಗೊಡುತ್ತಿದ್ದರು, ಮುಖ ತೋರಿಸುತ್ತಿರಲಿಲ್ಲ. ಅವರ ಕೈಯಿಂದ ಬಂದದ್ದನ್ನು ನಾನಿನ್ನು ಬಾಯಿಗಿಡುವುದಿಲ್ಲ ಎಂದುಕೊಂಡಿದ್ದರೇನೋ... ಒಂದು ಸೋಮವಾರ ಗೋದಿ-ಬೆಲ್ಲದ ಮಾದಲಿ ಮಾಡಿ, ಬಟ್ಟಲು ತುಂಬಿ ಗೋಡೆಯ ಮೇಲಿಟ್ಟು ಕೂಗಿದೆ. "ಕಾಕು, ನನ್ನ ಮ್ಯಾಲ ಸಿಟ್ಟಾಗೀರೇನ್ರಿ?" ಬಹಳ ಹೊತ್ತಿನ ಮೇಲೆ ಒಂದು ಕೈ ಬಂದು ಬಟ್ಟಲು ಒಯ್ದಿತು. ಸಂಜೆ ಶೇಂಗಾ ಹಿಂಡಿ, ಅದೇ ಒಣ ಚಟ್ನಿ, ತುಂಬಿ ಬಂತು.

ಆದರೆ ಅವರ ಔಷಧ ಅರ್ಧಕ್ಕೇ ನಿಂತಿತ್ತಲ್ಲ. ಆ ಸಣ್ಣ ಗುಳಿಗೆಗಳನ್ನು ಅವರು ಮತ್ತೆ ಮುಟ್ಟಲೇ ಇಲ್ಲ. ಡಾಕ್ಟರು ಮತ್ತೆ ಬಂದು ತೋರಿಸಿರಿ ಎಂದಿದ್ದರಂತೆ. ಆ ಮುಖ ಎತ್ತಿಕೊಂಡು ಹೋಗಲು ಕಾಕುವಿಗೆ ನಾಚಿಕೆ. ಬಿಟ್ಟ ಜ್ವರ ಒಳಗೇ ಕುಳಿತಿತ್ತು. ನನ್ನ ಮಗಳನ್ನು ತೊಟ್ಟಿಲಿಗೆ ಹಾಕುವ ದಿನವೇ ಎದ್ದುಬಂತು. ಹೆಸರಿಡುವಾಗ ಕೂಸು ಕಾಕುವಿನ ತೊಡೆಯ ಮೇಲಿರಬೇಕೆಂದು ನಾನು ಹಟ ಹಿಡಿದಿದ್ದೆ. ಇಲ್ಲಿ ಹೆಂಗಸರು ಜೋಗುಳ ಹಾಡುವಾಗ ಅವರು ಗೋಡೆಯಾಚೆ ಕೌದಿಯೊಳಗೆ ನಡುಗುತ್ತ ಮಲಗಿದ್ದರು. ಆ ಸಲ ಮಾತ್ರ ಒಂದೂ ಬಿಡದೆ ನುಂಗಿದರು. ದಿನವೂ ಊಟವಾದ ಮೇಲೆ ಗೋಡೆಯ ಹತ್ತಿರ ಬಂದು, ಗುಳಿಗೆ ನುಂಗಿ, ನಾಲಿಗೆ ಹೊರಚಾಚಿ ನನಗೆ ತೋರಿಸಿ ಹೋಗುತ್ತಿದ್ದರು.

ಇವರಿಗೆ ಹುಕ್ಕೇರಿಗೆ ವರ್ಗವಾಯಿತು. ಸಾಮಾನು ಹೇರುವ ದಿನ ಕಾಕು ಶೇಂಗಾ ಹೋಳಿಗೆ ತುಂಬಿದ ಬಟ್ಟಲು ಕೈಗಿಟ್ಟರು. ಅಲ್ಲೇ ಖಾಲಿ ಮಾಡಿ ಕೊಡುತ್ತೇನೆ ಎಂದೆ. "ಇರ್ಲಿ ತಂಗಿ, ಮುಂದ ಬರುವಾಗ ತುಂಬ್ಕೊಂಡ ಬಾ."

ಮುಂದೆ ಹೋದದ್ದು ಅವರು ಹೋದ ಸುದ್ದಿ ಬಂದಾಗ. ಸತ್ತವರ ಮನೆಗೆ ಬಟ್ಟಲು ತುಂಬಿಕೊಂಡು ಹೇಗೆ ಹೋಗುವುದು? ಖಾಲಿಯಂತೂ ಒಯ್ಯುವ ಹಾಗಿರಲಿಲ್ಲ. ಬರಿಗೈಯಲ್ಲಿ ಹೋಗಿ, ಗೋಡೆ ಹಿಡಿದು ಅತ್ತು ಬಂದೆ.

ಇದನ್ನೆಲ್ಲ ಮಗಳಿಗೆ ಹೇಳಿದೆ. ಅವಳು ಮತ್ತೆ ತಕರಾರು ತೆಗೆಯಲಿಲ್ಲ. ಆ ಬಟ್ಟಲಿನಲ್ಲೇ ದಿನದ ಗುಳಿಗೆಯನ್ನೂ ಒಂದು ಚೂರು ಬೆಲ್ಲವನ್ನೂ ಇಟ್ಟು ಕೊಡುತ್ತ ಬಂದೆ. ಇವತ್ತು ಕೊನೆಯದು. ನುಂಗಿ, ನಾಲಿಗೆ ಚಾಚಿ ತೋರಿಸಿ ನಕ್ಕಳು. "ಮುಗದ್ವು ನೋಡವಾ."

ಬಟ್ಟಲು ತೊಳೆದು, ಒರೆಸಿ, ಮಾದಲಿ ತುಂಬಿಸಿದೆ. ಕೈಯಲ್ಲಿ ಹಿಡಿದುಕೊಂಡು ಹಿತ್ತಲಿಗೆ ಬಂದೆ. ಇಲ್ಲಿಯ ಗೋಡೆ ನನಗಿಂತ ಎತ್ತರ. ಕಾಕು, ನಿಮ್ಮ ಬಟ್ಟಲು ತುಂಬಿದೆ... ಯಾರ ಕೈಗೆ ಕೊಡಲಿ?