ಕಂಬಳಿಯೊಳಗಿನ ಕ್ಯಾಮೆರಾ

ಎಂಬತ್ತರ ದಶಕದ ಮಾತು. ಸಿನಿಮಾ ಕಲಿಯುತ್ತಿದ್ದ ಜರ್ಮನ್ ಹುಡುಗಿಯೊಬ್ಬಳು ಬೆನ್ನಿಗೊಂದು ಚೀಲ ಹಾಕಿಕೊಂಡು ಒಬ್ಬಳೇ ಬೆಳಗಾವಿಗೆ ಬಂದಿದ್ದಳು. ನಾನು ಅವಳ ದುಭಾಷಿ. ಖಾನಾಪುರದ ಹತ್ತಿರದ ಗುಂಜಿಯಲ್ಲಿ ಎಮ್ಮೆ ಕಾಯುವವರನ್ನು ಚಿತ್ರಿಸುವಾಗ ಕ್ಯಾಮೆರಾ ಸಿಕ್ಕಿಕೊಂಡು ನಿಂತಿತು. ಬಿಚ್ಚಿದರೆ ಫಿಲ್ಮಿಗೆ ಬೆಳಕು ಬಿದ್ದು ಎರಡು ದಿನದ ಶ್ರಮ ಹಾಳು.

ಖಾನಾಪುರದ ಗಡಿಯಾರ ರಿಪೇರಿಯ ಮುದುಕರಿಗೆ ತೋರಿಸಿದೆವು. "ಬೆಳಕ ಬೀಳಬಾರದು, ಅಷ್ಟ ಹೌದಲ್ರೀ? ಕುಂದರ್ರಿ," ಎಂದವರೇ ಬಾಗಿಲು ಮುಚ್ಚಿ, ಕ್ಯಾಮೆರಾದ ಮೇಲೆ ಎರಡು ಕಂಬಳಿ ಹೊದಿಸಿ, ಒಳಗೆ ಕೈ ತೂರಿಸಿ, ಬರೀ ಬೆರಳಿನಿಂದಲೇ ತಡಕುತ್ತ ಕೂತರು. ಅರ್ಧ ಗಂಟೆಗೆ ಕ್ಯಾಮೆರಾ ಗರಗರ ತಿರುಗಿತು! ಹುಡುಗಿಯ ಕಣ್ಣು ತುಂಬಿತು.

"ಇದನ್ನೇ ಚಿತ್ರಿಸಬೇಕು, ಇನ್ನೊಮ್ಮೆ ಮಾಡಲು ಹೇಳು," ಎಂದಳು.

"ಒಳಗ ಏನ ಮಾಡ್ದೆ ಅಂತ ನನಗ ಕಂಡಿಲ್ಲ, ಆಕಿಗೇನ ತೋರಿಸ್ಲಿರೀ?" ಮುದುಕರು ನಕ್ಕರು.

ಅವಳು ಬಿಡಲಿಲ್ಲ. ಬಾಗಿಲು ತೆರೆಸಿ ಅವರ ಮುಖವನ್ನಷ್ಟೇ ಚಿತ್ರಿಸಿದಳು. ಖಾಲಿ ಕಂಬಳಿಯೊಳಗೆ ಕೈಯಾಡಿಸುತ್ತ ಮುದುಕರು ಖರೇನೇ ಬೆವತುಬಿಟ್ಟರು.